ಹಾಲು ಹಲ್ಲೇ ಅಲ್ವಾ, ಬಿದ್ದು ಹೋಗುತ್ತೆ ಅಂತ ಕಾಯಬಹುದಾ?

ಓದುಗರ ಪ್ರಶ್ನೆ: "ಮೇಡಂ, ನಾವು ಹಾಸನ ಜಿಲ್ಲೆಯವರು. ಮಗಳಿಗೆ ಈಗ 3 ವರ್ಷ 2 ತಿಂಗಳು. ಮೇಲಿನ ನಾಲ್ಕು ಮುಂದಿನ ಹಲ್ಲುಗಳ ಬುಡ ಕಂದು ಬಣ್ಣಕ್ಕೆ ತಿರುಗಿದೆ. ಒಂದರ ಅಂಚು ಚೂರು ಉದುರಿದೆ. ಕೆಳಗಿನ ಒಂದು ದವಡೆ ಹಲ್ಲಲ್ಲಿ ಕಪ್ಪು ಗುಳಿ ಕಾಣುತ್ತದೆ. ನೋವು ಅಂತ ಅವಳು ಒಂದು ದಿನವೂ ಹೇಳಿಲ್ಲ. ಇತ್ತೀಚೆಗೆ ಒಂದೇ ಕಡೆ ಅಗಿಯುತ್ತಾಳೆ, ಅಷ್ಟೇ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವುದು. ಅತ್ತೆ 'ಹಾಲು ಹಲ್ಲು, ಹೇಗೂ ಬೀಳುತ್ತೆ, ಸುಮ್ನೆ ಮಗೂಗೆ ಹಿಂಸೆ ಕೊಡಬೇಡ' ಅನ್ನುತ್ತಾರೆ. ಹೋದರೆ ರೂಟ್ ಕೆನಾಲ್ ಅಂತ ಸಾವಿರಾರು ರೂಪಾಯಿ ಕೇಳುತ್ತಾರೆ ಅನ್ನೋದು ಗಂಡನ ಚಿಂತೆ. ನನ್ನ ಭಯ ಬೇರೆ. ಅಕ್ಕನ ಮಗನನ್ನು ನಾಲ್ಕು ಜನ ಹಿಡಿದುಕೊಂಡು ಹಲ್ಲು ಕೀಳಿಸಿದ್ದರು. ಅವನು ಇವತ್ತಿಗೂ ಬಿಳಿ ಕೋಟು ಕಂಡರೆ ಕಿರುಚುತ್ತಾನೆ. ಇಷ್ಟು ಚಿಕ್ಕ ಮಗುವಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ ಮಾಡುತ್ತಾರಂತೆ, ಹೌದಾ? ಈಗಲೇ ಕರೆದುಕೊಂಡು ಹೋಗಲಾ, ಸ್ವಲ್ಪ ದೊಡ್ಡವಳಾಗಲಿ ಅಂತ ಕಾಯಲಾ? ಚಿಕ್ಕವನಿಗೆ 9 ತಿಂಗಳು, ಕೆಳಗೆ ಎರಡು ಹಲ್ಲು ಬಂದಿವೆ. ಅವನ ವಿಷಯ ಆಮೇಲೆ ಕೇಳುತ್ತೇನೆ."

ಕಾಯಬೇಡಿ ಅಮ್ಮ. ಈ ವಾರವೋ ಮುಂದಿನ ವಾರವೋ ಕರೆದುಕೊಂಡು ಹೋಗಿ. ಆದರೆ ಹೋದ ಮೊದಲ ದಿನವೇ ಎಲ್ಲ ಚಿಕಿತ್ಸೆ ಮುಗಿಸಿಬಿಡೋಣ ಅಂತ ಹೋಗಬೇಡಿ. ಇವೆರಡೂ ಒಂದೇ ಅಂದುಕೊಂಡಿರುವುದರಿಂದಲೇ ನಿಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟು ಭಯ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಬೇರೆ, ಹಲ್ಲು ಕೊರೆಸುವುದು ಬೇರೆ.

ಮೊದಲು ನೀವು "ಅಷ್ಟೇ" ಅಂತ ಬರೆದು ಮುಂದೆ ಹೋದ ಮಾತಿಗೆ ಬರುತ್ತೇನೆ. ಒಂದೇ ಕಡೆ ಅಗಿಯುತ್ತಾಳೆ ಅಂದಿರಲ್ಲ, ಇಡೀ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅದು. ಮೂರು ವರ್ಷದ ಮಗು "ನನಗೆ ಹಲ್ಲು ನೋಯುತ್ತಿದೆ" ಅಂತ ಹೇಳುವುದು ಕಡಿಮೆ. ನೋವು ಶುರುವಾಗಿದ್ದು ಯಾವಾಗ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಅದು ಅಗಿಯುವ ಕಡೆ ಬದಲಾಯಿಸುತ್ತದೆ. ಚಪಾತಿ ಬೇಡ, ಮೊಸರನ್ನ ಸಾಕು ಅನ್ನುತ್ತದೆ. ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಕೂರುತ್ತದೆ. ನಾವು ಹಟ ಅಂತ ಬೈಯುತ್ತೇವೆ. ನನ್ನ ಹತ್ತಿರ ಬರುವ ಎಷ್ಟೋ ಅಮ್ಮಂದಿರು "ನೋವೇನೂ ಇಲ್ಲ ಮೇಡಂ, ಊಟಕ್ಕೆ ಮಾತ್ರ ತುಂಬ ಸತಾಯಿಸ್ತಾಳೆ" ಅಂತಲೇ ಮಾತು ಶುರು ಮಾಡುತ್ತಾರೆ.

ಈಗ ನಿಮ್ಮ ಅತ್ತೆಯವರ ಮಾತು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಹಾಲು ಹಲ್ಲು ಬಿದ್ದೇ ಬೀಳುತ್ತದೆ. ಯಾವಾಗ ಅನ್ನುವುದು ಪ್ರಶ್ನೆ. ಮುಂದಿನ ಹಲ್ಲುಗಳು 6-8 ವರ್ಷಕ್ಕೆ ಬಿದ್ದರೆ, ಹಿಂದಿನ ದವಡೆ ಹಲ್ಲುಗಳು ಬೀಳುವುದು 9ರಿಂದ 12 ವರ್ಷಕ್ಕೆ. ಅಂದರೆ ನಿಮ್ಮ ಮಗಳು ಆ ಕಪ್ಪು ಗುಳಿ ಇರುವ ಹಲ್ಲಿನಲ್ಲೇ ಇನ್ನೂ ಆರೇಳು ವರ್ಷವಾದರೂ ಊಟ ಮಾಡಬೇಕು. ಹಾಲು ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್, ದಪ್ಪದಲ್ಲಿ ದೊಡ್ಡವರ ಹಲ್ಲಿನ ಸುಮಾರು ಅರ್ಧದಷ್ಟು. ಒಳಗಿನ ನರದ ಜಾಗ ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ನಮ್ಮ ಹಲ್ಲಲ್ಲಿ ವರ್ಷಗಟ್ಟಲೆ ತೆಗೆದುಕೊಳ್ಳುವ ಹುಳುಕು ಮಕ್ಕಳ ಹಲ್ಲಲ್ಲಿ ಕೆಲವೇ ತಿಂಗಳಲ್ಲಿ ನರ ಮುಟ್ಟಬಹುದು. ನರ ಮುಟ್ಟಿದ ಮೇಲೆ ಕೀವು. ಆ ಕೀವಿನ ಕೆಳಗೇ ಮುಂದೆ ಬರಬೇಕಾದ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ಅದಕ್ಕೂ ಕಲೆ, ಕುಂದು ತಗುಲಬಹುದು.

ಜಾಗದ ಮಾತೂ ಇದೆ. ಸುಮಾರು 6 ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಅದು ಬರಲು ಯಾವ ಹಲ್ಲೂ ಬೀಳಬೇಕಾಗಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲು ಹಲ್ಲೇ ಅಂದುಕೊಂಡಿರುತ್ತಾರೆ. ಅದರ ಮುಂದಿನ ಹಾಲು ದವಡೆ ಹಲ್ಲು ಮೊದಲೇ ಹೋಗಿಬಿಟ್ಟಿದ್ದರೆ ಈ ಹೊಸ ಹಲ್ಲು ಮುಂದಕ್ಕೆ ಸರಿದು ಜಾಗ ತಿಂದುಬಿಡುತ್ತದೆ. ಆಮೇಲೆ ಬರುವ ಹಲ್ಲು ವಕ್ರವಾಗಿ ಹುಟ್ಟುತ್ತದೆ, ಇಲ್ಲವೇ ಹೊರಗೆ ಬರಲಾಗದೆ ಒಳಗೇ ಉಳಿಯುತ್ತದೆ.

ಅತ್ತೆಯವರಿಗೆ ಇದನ್ನು ಹೇಳುವಾಗ ಜಗಳದ ದನಿ ಬೇಡ. ಅವರ ಕಾಲದಲ್ಲಿ ಬಹಳ ಮನೆಗಳಲ್ಲಿ ಮಕ್ಕಳಿಗೆ ದಿನಕ್ಕೆ ನಾಲ್ಕು ಸಲ ಬಿಸ್ಕತ್ತು ಸಿಗುತ್ತಿರಲಿಲ್ಲ. ಹಾಲು ಹಲ್ಲು ಹಾಳಾಗದೆ ತಾನಾಗಿ ಬೀಳುವುದನ್ನೇ ಅವರು ಜಾಸ್ತಿ ನೋಡಿರಬಹುದು.

ಹಲ್ಲಿನಲ್ಲಿ ಹುಳ ಇರುತ್ತದೆ, ಹೊಗೆ ಹಾಕಿ ತೆಗೆಸಬೇಕು ಅನ್ನುವವರು ಈಗಲೂ ಸಿಗುತ್ತಾರೆ. ಗುಳ್ಳದ ಬೀಜ ಸುಟ್ಟ ಹೊಗೆ ಬಾಯಿಗೆ ಹಿಡಿಸಿ, ಬೋಗುಣಿಯ ನೀರಿನಲ್ಲಿ ಬಿಳಿ ಎಳೆಗಳನ್ನು ತೋರಿಸುತ್ತಾರೆ. ಅವು ಹುಳ ಅಲ್ಲ, ಸುಟ್ಟ ಬೀಜದ ಒಳಗಿನ ಎಳೆಗಳು. ಹುಳುಕು ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಅನ್ನುವುದೂ ಸುಳ್ಳು. ಕಣ್ಣಿನ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕ್ಯಾಲ್ಸಿಯಂ ಟಾನಿಕ್ ಕೊಟ್ಟರೆ ಗುಳಿ ಮುಚ್ಚಿಕೊಳ್ಳುವುದಿಲ್ಲ. ದುಡ್ಡು ದಂಡ, ಅಷ್ಟೇ ಅಲ್ಲ, ಸಿಹಿ ಸಿರಪ್ ಆದರೆ ಹಲ್ಲಿಗೆ ಇನ್ನಷ್ಟು ಸಕ್ಕರೆ.

ಹಾಗಾದರೆ ನಿಮ್ಮ ಮಗಳಿಗೆ ಇದು ಬಂದಿದ್ದು ಹೇಗೆ? ನೀವು ಬರೆದ ಚಿತ್ರವೇ ಉತ್ತರ ಹೇಳುತ್ತದೆ. ಮೇಲಿನ ನಾಲ್ಕು ಮುಂದಿನ ಹಲ್ಲು ಹಾಳಾಗಿವೆ. ಕೆಳಗಿನ ಮುಂದಿನ ಹಲ್ಲುಗಳ ಬಗ್ಗೆ ನೀವು ಏನೂ ಬರೆದಿಲ್ಲ, ಬಹುಶಃ ಚೆನ್ನಾಗಿರಬೇಕು. ಬಾಟಲಿ ಬಾಯಲ್ಲಿಟ್ಟು ನಿದ್ದೆ ಹೋದಾಗ ನಾಲಿಗೆ ಕೆಳಗಿನ ಹಲ್ಲುಗಳ ಮೇಲೆ ಚಾಪೆಯ ಹಾಗೆ ಹಾಸಿಕೊಂಡಿರುತ್ತದೆ. ಹತ್ತಿರದ ಗ್ರಂಥಿಗಳ ಜೊಲ್ಲೂ ಅವುಗಳನ್ನು ಕಾಯುತ್ತದೆ. ಹಾಲು ನಿಲ್ಲುವುದು ಮೇಲಿನ ಹಲ್ಲುಗಳ ಸುತ್ತ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ತೊಳೆಯುವವರಿಲ್ಲ. ಬ್ಯಾಕ್ಟೀರಿಯಾ ಆ ಸಿಹಿಯನ್ನು ತಿಂದು ಆಮ್ಲ ಬಿಡುತ್ತದೆ, ಆಮ್ಲ ಎನಾಮಲ್ ಕರಗಿಸುತ್ತದೆ. ಹಾಲಿಗೆ ಸಕ್ಕರೆಯೋ, ಆರೋಗ್ಯಕ್ಕೆ ಒಳ್ಳೆಯದು ಅಂತ ಬೆಲ್ಲವೋ, ಡಬ್ಬಿಯ ಪುಡಿಯೋ ಬೆರೆಸಿದ್ದರೆ ಇನ್ನೂ ಬೇಗ. ಹಲ್ಲಿಗೆ ಬೆಲ್ಲಕ್ಕೂ ಸಕ್ಕರೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ರಾತ್ರಿ ಅಳುವ ಮಗು, ಪಕ್ಕದಲ್ಲಿ ಇನ್ನೊಂದು ಕೂಸು. ಬಾಟಲಿ ಕೊಟ್ಟಿದ್ದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಈಗ ಬಿಡಿಸಬೇಕು, ಅದೂ ಒಂದೇ ರಾತ್ರಿಯಲ್ಲಿ ಅಲ್ಲ. ಮೊದಲು ಸಿಹಿ ನಿಲ್ಲಿಸಿ. ಆಮೇಲೆ ಎರಡು ಮೂರು ರಾತ್ರಿಗೊಮ್ಮೆ ಹಾಲು ಸ್ವಲ್ಪ ಕಡಿಮೆ ಮಾಡಿ, ಅಷ್ಟೇ ನೀರು ಸೇರಿಸಿ. ಎರಡು ವಾರಕ್ಕೆ ಬಾಟಲಿಯಲ್ಲಿ ಬರೀ ನೀರು ಉಳಿಯಲಿ. ಬರೀ ನೀರಿಗೆ ಮಕ್ಕಳು ಜಾಸ್ತಿ ದಿನ ಹಟ ಮಾಡುವುದಿಲ್ಲ. ಹಾಲನ್ನು ಸಂಜೆ ಊಟದ ಹೊತ್ತಿಗೆ ಲೋಟದಲ್ಲಿ ಕೊಡಿ. ಹಾಲು ಮುಗಿದ ಮೇಲೆ ಬ್ರಷ್, ಬ್ರಷ್ ಆದ ಮೇಲೆ ನೀರು ಮಾತ್ರ.

ಇನ್ನು ಮೊದಲ ಭೇಟಿ. ನಿಮಗೆ ಭಯ ಇರುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಬ್ಬ ನಾಲ್ಕು ವರ್ಷದ ಹುಡುಗನನ್ನು ಹಿಡಿಸಿ ಹಲ್ಲು ಕಿತ್ತಿದ್ದೆ. ಬಾವು ಇರಲಿಲ್ಲ, ಜ್ವರ ಇರಲಿಲ್ಲ, ಎರಡು ವಾರ ಕಾಯಬಹುದಿತ್ತು. ಎರಡು ನಿಮಿಷದಲ್ಲಿ ಹಲ್ಲು ಬಂತು. ಕೆಲಸ ಚೆನ್ನಾಗಾಯಿತು ಅಂದುಕೊಂಡೆ. ಎರಡು ವರ್ಷದ ಮೇಲೆ ಅವನೇ ಬಂದ, ಇನ್ನೊಂದು ಕಡೆಯ ಕೆನ್ನೆ ಕಣ್ಣಿನ ತನಕ ಊದಿತ್ತು. "ಆವತ್ತಿನಿಂದ ಯಾವ ಆಸ್ಪತ್ರೆಯ ಬಾಗಿಲಿಗೂ ಬರ್ತಿರಲಿಲ್ಲ ಮೇಡಂ" ಅಂದರು ಅವರಮ್ಮ. ಆ ಊತಕ್ಕೆ ನಾನೂ ಕಾರಣ ಅಂತ ಇವತ್ತಿಗೂ ಅನ್ನಿಸುತ್ತದೆ. ಆಮೇಲೆ ತುರ್ತು ಇಲ್ಲದ ಮಗುವನ್ನು ನಾನು ಬಲವಂತವಾಗಿ ಹಿಡಿಸಿಲ್ಲ.

ಈಗ ಏನು ಮಾಡುತ್ತೇವೆ ಅಂದರೆ, ಮೂರು ವರ್ಷದ ಮಗುವನ್ನು ಮೊದಲ ದಿನ ದೊಡ್ಡ ಕುರ್ಚಿಗೇ ಹತ್ತಿಸುವುದಿಲ್ಲ. ನೀವೂ ನಾನೂ ಎರಡು ಕುರ್ಚಿಯಲ್ಲಿ ಎದುರುಬದುರು ಮಂಡಿಗೆ ಮಂಡಿ ತಾಗಿಸಿ ಕೂರುತ್ತೇವೆ. ಮಗು ನಿಮ್ಮ ಕಡೆ ಮುಖ ಮಾಡಿ ನಿಮ್ಮ ತೊಡೆಯ ಮೇಲೆ ಕೂತಿರುತ್ತದೆ. ಮೆಲ್ಲಗೆ ಹಿಂದಕ್ಕೆ ಒರಗಿಸಿದರೆ ತಲೆ ನನ್ನ ಮಡಿಲಿಗೆ ಬರುತ್ತದೆ. ಅದರ ಕೈ ನಿಮ್ಮ ಕೈಯಲ್ಲಿ, ಕಣ್ಣಿಗೆ ನಿಮ್ಮ ಮುಖ ಕಾಣುತ್ತಿರುತ್ತದೆ. ಪುಟ್ಟ ಕನ್ನಡಿಯನ್ನು ಮೊದಲು ಅದರ ಉಗುರಿಗೆ ತಾಗಿಸಿ ತೋರಿಸುತ್ತೇನೆ. ಆಮೇಲೆ ಒಂದು, ಎರಡು, ಮೂರು ಅಂತ ಹಲ್ಲು ಎಣಿಸುವುದು. ಮೂರು ವರ್ಷಕ್ಕೆ ಒಟ್ಟು 20 ಇರಬೇಕು. ಒಂದೆರಡು ನಿಮಿಷದ ಕೆಲಸ. ಅಳಬಹುದು. ಅತ್ತರೆ ಬಾಯಿ ತೆರೆದೇ ಇರುತ್ತದೆ, ನೋಡಲಿಕ್ಕೆ ಸಾಕು. ನಿಮ್ಮ ಮಡಿಲಲ್ಲಿ ಒಂದು ನಿಮಿಷ ಅಳುವುದಕ್ಕೂ ನಾಲ್ಕು ಜನ ಅದುಮಿ ಹಿಡಿದಾಗ ಅಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಏಳುತ್ತಿದ್ದ ಹಾಗೆ ಅಳು ನಿಲ್ಲುತ್ತದೆ.

ಆ ದಿನ ಬೇಕಾದರೆ ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಷ್ ಹಚ್ಚುತ್ತೇವೆ. ಬ್ರಷ್‌ನಲ್ಲಿ ಬಣ್ಣ ಹಚ್ಚಿದ ಹಾಗೆ, ನೋವಿಲ್ಲ. ಹಲ್ಲು ಆ ದಿನ ಸ್ವಲ್ಪ ಹಳದಿಯಾಗಿ ಕಂಡರೆ ಗಾಬರಿ ಬೇಡ, ಆಮೇಲೆ ಹೋಗುತ್ತದೆ. ಹುಳುಕಿನ ಅಪಾಯ ಇರುವ ಮಕ್ಕಳಿಗೆ ಇದನ್ನು ವರ್ಷಕ್ಕೆ ಎರಡು ಸಲವಾದರೂ ಹಚ್ಚಬೇಕಾಗುತ್ತದೆ.

ಮನೆಯಲ್ಲಿ ನಿಮ್ಮ ತಯಾರಿಯೂ ಮುಖ್ಯ. ಬೆಳಗಿನ ಹೊತ್ತು ಗೊತ್ತು ಮಾಡಿಕೊಳ್ಳಿ. ಮಧ್ಯಾಹ್ನದ ನಿದ್ದೆಗೆಟ್ಟ ಮಗುವಿನ ಹತ್ತಿರ ಯಾವ ಡಾಕ್ಟರ ಜಾಣತನವೂ ನಡೆಯುವುದಿಲ್ಲ. ಸ್ವಲ್ಪ ತಿಂಡಿ ತಿಂದಿರಲಿ, ಹೊಟ್ಟೆ ಬಿರಿಯ ಬೇಡ. ಹಿಂದಿನ ದಿನ "ನಾಳೆ ಒಬ್ಬರು ಆಂಟಿ ನಿನ್ನ ಹಲ್ಲು ಎಣಿಸ್ತಾರಂತೆ" ಅನ್ನಿ, ಸಾಕು. "ನೋವಾಗಲ್ಲ ಪುಟ್ಟಿ, ಸೂಜಿ ಚುಚ್ಚಲ್ಲ, ಹೆದರಬೇಡ" ಅನ್ನಬೇಡಿ. ಅಲ್ಲಿಯ ತನಕ ಆ ಮಗುವಿನ ತಲೆಯಲ್ಲಿ ನೋವೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸ್ತೀನಿ ಅನ್ನುವ ಮಾತನ್ನು ಮನೆಯಲ್ಲಿ ಎಲ್ಲರೂ ಇವತ್ತಿಂದಲೇ ಬಿಡಬೇಕು. ಅಕ್ಕನ ಮಗನ ಕಥೆಯನ್ನು ಅವಳ ಮುಂದೆ ಹೇಳಬೇಡಿ. ಜೊತೆಗೆ ಮನೆಮಂದಿಯೆಲ್ಲ ಬರುವುದೂ ಬೇಡ. ನಿಮ್ಮಿಬ್ಬರಲ್ಲಿ ಯಾರಿಗೆ ಧೈರ್ಯ ಜಾಸ್ತಿಯೋ ಅವರು ಒಳಗೆ ಬನ್ನಿ.

ಆದರೆ ಒಂದು ಸಂದರ್ಭದಲ್ಲಿ ಈ ನಿಧಾನ ಕೂಡದು. ಕೆನ್ನೆ ಊದಿಕೊಂಡರೆ, ಹಲ್ಲುನೋವಿನ ಜೊತೆ ಜ್ವರ ಬಂದರೆ, ನೋವಿಗೆ ರಾತ್ರಿ ಎದ್ದು ಅತ್ತರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಅದೇ ದಿನ ಹೋಗಬೇಕು. ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಕಂಡರೂ ಒಳಗೆ ಕೀವು ಇದೆ ಅಂತ ಅರ್ಥ, ಒಂದೆರಡು ದಿನದಲ್ಲಿ ತೋರಿಸಿ. ಹಲ್ಲಿನ ಸಂದಿಗೆ ನೋವಿನ ಮಾತ್ರೆ ಇಡಬೇಡಿ, ಒಸಡು ಸುಡುತ್ತದೆ. ಮೆಡಿಕಲ್ ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್‌ನಿಂದ ಊತ ಇಳಿದರೂ ಹಲ್ಲು ಸರಿಹೋಗಿರುವುದಿಲ್ಲ.

ಚಿಕಿತ್ಸೆಗೆ ಬರೋಣ. ಫೋಟೋ ಕೂಡ ನೋಡದೆ ನಾನು ಇದೇ ಮಾಡಿಸಿ ಅನ್ನಲಾರೆ. ದಾರಿಗಳು ಯಾವುವು, ಯಾವುದರಲ್ಲಿ ಏನು ತೊಂದರೆ ಅಂತ ಹೇಳಬಲ್ಲೆ.

ಮುಂದಿನ ಹಲ್ಲುಗಳ ಕಂದು ಮೇಲುಮೇಲೆ ಇದ್ದರೆ ವಾರ್ನಿಷ್, ಸರಿಯಾದ ಬ್ರಷಿಂಗ್, ಬಾಟಲಿ ಬಿಡಿಸುವುದು, ಇಷ್ಟರಲ್ಲೇ ಹುಳುಕು ನಿಲ್ಲಬಹುದು. ಗುಳಿ ಬಿದ್ದಿದ್ದು, ನರ ಇನ್ನೂ ಚೆನ್ನಾಗಿದ್ದರೆ ಸಿಮೆಂಟ್ ತುಂಬಬಹುದು. ಕೂರಲು ಒಪ್ಪದ ಮಗುವಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ಒಂದು ದ್ರವ ಇದೆ. ಕೊರೆಯುವುದಿಲ್ಲ, ಸೂಜಿ ಇಲ್ಲ, ಒಂದು ಹನಿ ತಾಗಿಸಿ ಒಂದು ನಿಮಿಷ ಬಿಡುವುದು. ಹುಳುಕು ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಆದರೆ ಹಾಳಾದ ಭಾಗ ಕಪ್ಪಗಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗಬಹುದು. ಹುಳುಕು ನರ ಮುಟ್ಟಿದ ಹಲ್ಲಿಗೆ ಇದು ಪ್ರಯೋಜನವಿಲ್ಲ. ನನಗೆ ಇದು ಬಹಳ ಇಷ್ಟದ ಔಷಧಿ, ಎಷ್ಟೋ ಮಕ್ಕಳಿಗೆ ಸಮಯ ಗಳಿಸಿಕೊಟ್ಟಿದೆ. ಹಿಂದಿನ ಹಲ್ಲಿಗೆ ನಿಸ್ಸಂಕೋಚವಾಗಿ ಹಚ್ಚುತ್ತೇನೆ. ಮುಂದಿನ ಹಲ್ಲಿಗಾದರೆ ಮೊದಲು ಅಪ್ಪ ಅಮ್ಮನಿಗೆ ಬೇರೆ ಮಕ್ಕಳ ಹಲ್ಲಿನ ಫೋಟೋ ತೋರಿಸುತ್ತೇನೆ. ನಾಳೆ ಮದುವೆ ಮನೆಯಲ್ಲಿ "ಅಯ್ಯೋ, ಏನಾಯ್ತು ಹಲ್ಲಿಗೆ" ಅನ್ನುವವರಿಗೆ ಉತ್ತರ ಕೊಡಬೇಕಾದವರು ನೀವು.

ಹುಳುಕು ನರ ಮುಟ್ಟಿದ್ದರೆ ಎರಡೇ ದಾರಿ. ನರದ ಚಿಕಿತ್ಸೆ (ರೂಟ್ ಕೆನಾಲ್ ಥರದ್ದು) ಮಾಡಿ ಹಲ್ಲು ಉಳಿಸುವುದು, ಇಲ್ಲವೇ ಕೀಳುವುದು. ದವಡೆ ಹಲ್ಲಾದರೆ ಉಳಿಸುವ ಪಕ್ಷ ನನ್ನದು. ನರದ ಚಿಕಿತ್ಸೆಯ ಮೇಲೆ ಸ್ಟೀಲ್ ಕ್ಯಾಪ್ ಹಾಕಿದರೆ ಬೀಳುವ ವಯಸ್ಸಿನ ತನಕ ಬಾಳುತ್ತದೆ, ಕ್ಯಾಪ್ ಹಲ್ಲಿನ ಜೊತೆಗೇ ಬೀಳುತ್ತದೆ. ಬಿಳಿ ಕ್ಯಾಪ್ ಚೆಂದ, ಬೆಲೆ ಜಾಸ್ತಿ. ಹಿಂದಿನ ಹಲ್ಲಿಗೆ ಅದೇ ಬೇಕು ಅಂತೇನಿಲ್ಲ. ಕೀಳಲೇಬೇಕಾದರೆ ಜಾಗ ಕಾಯುವ ತಂತಿ ಹಾಕಿಸುವ ಬಗ್ಗೆ ಕೇಳಿ. ಮುಂದಿನ ಹಲ್ಲು ಕಿತ್ತರೆ ಜಾಗದ ತೊಂದರೆ ಅಷ್ಟು ದೊಡ್ಡದಲ್ಲ, ನೋಟಕ್ಕೆ ಕೊರತೆ ಅಷ್ಟೇ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಆಮೇಲೆ ಎರಡು ಮೂರು ಗಂಟೆ ಮಗುವಿನ ಮೇಲೆ ಕಣ್ಣಿಡಿ. ತುಟಿ ಜೋಮು ಹಿಡಿದಿರುತ್ತದೆ, ತಮಾಷೆ ಅಂತ ಕಚ್ಚಿಕೊಳ್ಳುತ್ತಾರೆ. ಮಾರನೆಯ ದಿನ ತುಟಿ ಹುಣ್ಣಾಗಿ ಊದಿರುತ್ತದೆ. ಇದನ್ನು ಹೇಳದೆ ಕಳಿಸಿದರೆ ತಪ್ಪು ನಮ್ಮದು.

ಪ್ರಜ್ಞೆ ತಪ್ಪಿಸುವ ವಿಷಯ. ಹೌದು, ಮಾಡುತ್ತಾರೆ. ಎಲ್ಲರಿಗೂ ಅಲ್ಲ. ಏಳೆಂಟು ಹಲ್ಲು ಹಾಳಾಗಿ, ಮಗು ತೀರ ಚಿಕ್ಕದಾಗಿದ್ದು, ಬೇರೆ ದಾರಿ ಇಲ್ಲದಾಗ ಒಂದೇ ಸಲಕ್ಕೆ ಎಲ್ಲ ಮುಗಿಸಲು ಇದು ಒಳ್ಳೆಯ ದಾರಿಯೇ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ, ಮಕ್ಕಳಿಗೆ ಅರಿವಳಿಕೆ ಕೊಟ್ಟು ಅನುಭವ ಇರುವ ತಜ್ಞರ ಕೈಯಲ್ಲಿ ಮಾತ್ರ ಆಗಬೇಕು. ಆರೋಗ್ಯವಂತ ಮಗುವಿಗೆ ಅಪಾಯ ಬಹಳ ಕಡಿಮೆ, ಇಲ್ಲವೇ ಇಲ್ಲ ಅನ್ನಲಾರೆ. 3 ವರ್ಷದೊಳಗಿನ ಮಕ್ಕಳಿಗೆ ಪದೇ ಪದೇ ಅಥವಾ 3 ಗಂಟೆಗಿಂತ ಜಾಸ್ತಿ ಹೊತ್ತು ಅರಿವಳಿಕೆ ಕೊಟ್ಟರೆ ಮಿದುಳಿನ ಬೆಳವಣಿಗೆಗೆ ತೊಂದರೆಯಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಒಂದು ಸಲದ, ಕಡಿಮೆ ಹೊತ್ತಿನ ಅರಿವಳಿಕೆಗೆ ಆ ಭಯ ಅನ್ವಯಿಸುವುದಿಲ್ಲ. ಎಷ್ಟು ಹೊತ್ತು ಖಾಲಿ ಹೊಟ್ಟೆ ಅಂತ ಅವರು ಹೇಳಿದರೆ ಅಷ್ಟನ್ನೂ ಪಾಲಿಸಿ. ಪಾಪ, ಹಸಿದಿದೆ ಅಂತ ಅಜ್ಜಿ ಬಾಯಿಗಿಟ್ಟ ಒಂದು ಬಿಸ್ಕತ್ತೂ ಅಪಾಯ ತರಬಹುದು. ನೀವು ಬರೆದಷ್ಟೇ ಇದ್ದರೆ ನಿಮ್ಮ ಮಗಳಿಗೆ ಇದು ಬೇಕಾಗಲಿಕ್ಕಿಲ್ಲ ಅಂತ ನನ್ನ ಅಂದಾಜು.

ನಿಮ್ಮ ಗಂಡನ ಚಿಂತೆ ಸುಳ್ಳಲ್ಲ. ಕಂದು ಬಣ್ಣ ಕಂಡ ಹಲ್ಲಿಗೆಲ್ಲ ರೂಟ್ ಕೆನಾಲ್ ಬೇಕಾಗಿಲ್ಲ. ಯಾರಾದರೂ ಹಾಗೆ ಅಂದರೆ ಎಕ್ಸ್‌ರೇ ತೋರಿಸಿ ಅನ್ನಿ, ಹುಳುಕು ಎಲ್ಲಿಯ ತನಕ ಹೋಗಿದೆ ಅಂತ ಕೇಳಿ. ಹಲ್ಲಿನ ಎಕ್ಸ್‌ರೇಯಲ್ಲಿ ವಿಕಿರಣ ತೀರ ಕಡಿಮೆ, ಅದಕ್ಕೆ ಹೆದರಬೇಡಿ. ಯಾವ ಹಲ್ಲು ಮೊದಲು, ಯಾವುದು ಮೂರು ತಿಂಗಳು ಕಾಯಬಹುದು ಅಂತ ಬರೆಸಿಕೊಳ್ಳಿ. ಇದನ್ನು ಕೇಳಿದರೆ ಬೇಸರ ಮಾಡಿಕೊಳ್ಳುವವರ ಹತ್ತಿರ ಮಗುವನ್ನು ಬಿಡಬೇಡಿ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇರುತ್ತದೆ. ನಿಮ್ಮ ಹಾಸನದಲ್ಲೇ ಕಾಲೇಜು ಇದೆ, ಮೈಸೂರು, ದಾವಣಗೆರೆ, ಧಾರವಾಡ, ಮಂಗಳೂರಿನಲ್ಲೂ ಇವೆ. ಸಾಮಾನ್ಯವಾಗಿ ಅಲ್ಲಿ ಸಮಯ ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಮಕ್ಕಳ ಹಲ್ಲು ನೋಡುತ್ತದೆ. ಕೇಳಿ ತೋರಿಸಿ.

ಪೇಸ್ಟ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಡಬ್ಬಿಯ ಮೇಲೆ ಕಾರ್ಟೂನ್ ಇದ್ದರೆ ಸಾಲದು, ಫ್ಲೋರೈಡ್ ಇದೆಯಾ ನೋಡಿ. ಸುಮಾರು 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಇರಲಿ. 3 ವರ್ಷದೊಳಗೆ ಅಕ್ಕಿ ಕಾಳಿನಷ್ಟು, 3 ದಾಟಿದ ಮೇಲೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಅಲೆಯ ಹಾಗೆ ಹಾಕುತ್ತಾರಲ್ಲ, ಅದು ಮಕ್ಕಳಿಗಲ್ಲ. ಅಕ್ಕಿ ಕಾಳಿನಷ್ಟು ನುಂಗಿದರೆ ಏನೂ ಆಗುವುದಿಲ್ಲ. ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಪಾವಗಡ, ಕೋಲಾರ, ಮುಂಡರಗಿ ಕಡೆಯವರು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ ಪೇಸ್ಟ್ ಆರಿಸಿಕೊಳ್ಳಲಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಮಗುವಿಗೆ ಬೇಡ. ಬ್ರಷ್ ಮಾಡುವವರು ನೀವು, ಅವಳಲ್ಲ. ಮಡಿಲಲ್ಲಿ ಮಲಗಿಸಿಕೊಂಡು, ಮೇಲಿನ ತುಟಿ ಎತ್ತಿ, ಒಸಡಿನ ಅಂಚಿನ ತನಕ ಉಜ್ಜಿ. ಏಳೆಂಟು ವರ್ಷದ ತನಕ ಇದು ದೊಡ್ಡವರ ಕೆಲಸವೇ.

ಕೊನೆಗೆ ಚಿಕ್ಕವನ ವಿಷಯ. ಅವನದನ್ನು ಆಮೇಲೆ ಅಂತ ಇಟ್ಟುಕೊಳ್ಳಬೇಡಿ. ಮೊದಲ ಹಲ್ಲು ಬಂದು ಆರು ತಿಂಗಳೊಳಗೆ, ಜಾಸ್ತಿ ಅಂದರೆ ಒಂದು ವರ್ಷ ತುಂಬುವುದರೊಳಗೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು ಅನ್ನುವುದು ನಾವು ಮಕ್ಕಳ ಹಲ್ಲಿನ ವೈದ್ಯರೆಲ್ಲ ಪಾಲಿಸುವ ನಿಯಮ. ಎದೆಹಾಲು ಕೊಡುತ್ತಿದ್ದರೆ ನಿಲ್ಲಿಸಬೇಡಿ. ಬಂದ ಎರಡು ಹಲ್ಲನ್ನು ರಾತ್ರಿ ಮಲಗುವ ಮುಂಚೆ ಪುಟ್ಟ ಬ್ರಷ್‌ನಿಂದ ಉಜ್ಜಿ. ಬಾಟಲಿಯ ಅಭ್ಯಾಸ ಅವನಿಗೆ ಶುರು ಮಾಡಿಸಬೇಡಿ. ಅಕ್ಕನ ಜೊತೆ ಅವನನ್ನೂ ಅದೇ ದಿನ ಕರೆದುಕೊಂಡು ಹೋಗಿ. ಮೊದಲು ಅವನನ್ನು ಮಡಿಲಲ್ಲಿ ಮಲಗಿಸಿ ಎರಡು ಹಲ್ಲು ಎಣಿಸಲಿ. ಅವಳು ಪಕ್ಕದಲ್ಲಿ ನಿಂತು ನೋಡಲಿ. ತಮ್ಮನದು ಎರಡೇ, ನನ್ನದು ಇಪ್ಪತ್ತು ಅಂತ ತೋರಿಸಲು ಅವಳೇ ಬಾಯಿ ತೆರೆದರೂ ತೆರೆದಾಳು.